ತೊಟ್ಟಿಲಿನ ಹಾಗೆ ತೂಗುವ ಬೋಟು: ಒಂದು ಪ್ರಕರಣ ಅಧ್ಯಯನ

ಹಳೆಯ ಬೋಟು ಕೊಳ್ಳುವವರು ಎಂಜಿನ್ ನೋಡುತ್ತಾರೆ, ಕ್ಯಾಬಿನ್ ನೋಡುತ್ತಾರೆ, ಬೆಲೆ ನೋಡುತ್ತಾರೆ. ಕಡಲಲ್ಲಿ ಅದರ ನಡತೆ ಹೇಗೆ ಅಂತ ನೋಡುವವರು ಕಡಿಮೆ. ಈ ಪ್ರಕರಣದಲ್ಲಿ ನಾವು ಅದನ್ನೇ ನೋಡಲು ಹೊರಟೆವು. ಅರ್ಧ ಸರಿಯಾಗಿ ನೋಡಿದೆವು. ಉಳಿದರ್ಧ ಕಣ್ಣೂರಿನ ಎದುರು, ನಡುಗಡಲಲ್ಲಿ ಗೊತ್ತಾಯಿತು.

ಜನರ ಹೆಸರು, ಬೋಟಿನ ಹೆಸರು, ಅದನ್ನು ಕಟ್ಟಿದ ಕಂಪನಿ, ಮಾರಿದ ಯಾರ್ಡು ಎಲ್ಲವನ್ನೂ ಬಿಟ್ಟಿದ್ದೇನೆ. ಗುರುತು ಸಿಗಬಾರದೆಂದು ಒಂದೆರಡು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ತಪ್ಪುಗಳನ್ನು ಮಾತ್ರ ಇದ್ದ ಹಾಗೇ ಬರೆದಿದ್ದೇನೆ. ಅವುಗಳಲ್ಲಿ ದೊಡ್ಡದು ನನ್ನದೇ.

ಹಿನ್ನೆಲೆ

ಕುಂಬಳೆ ಕಡೆಯ ಒಂದು ಕುಟುಂಬ. ಹಿರಿಯರನ್ನು ಇಲ್ಲಿ ಮಾವ ಅಂತಲೂ, ಅವರ ಅಕ್ಕನ ಮಗನನ್ನು ಅಳಿಯ ಅಂತಲೂ ಕರೆಯುತ್ತೇನೆ. ನಮ್ಮ ಕಡೆ ಮಾವ-ಅಳಿಯ ಅಂದರೆ ಪ್ರೀತಿಯೂ ಹೌದು, ಆಸ್ತಿಯೂ ಹೌದು, ಜಗಳವೂ ಹೌದು. ಮಾವ ಗಲ್ಫಿನಲ್ಲಿ ಬಹಳ ವರ್ಷ ದುಡಿದು ಬಂದವರು. ನೀಲೇಶ್ವರದ ಆಚೆ, ವಲಿಯಪರಂಬ ಹಿನ್ನೀರಿನ ದಡದಲ್ಲಿ ಒಂದು ತೆಂಗಿನ ತೋಟ ಕೊಂಡಿದ್ದರು. ತೋಟಕ್ಕೆ ಕಟ್ಟೆ ಇತ್ತು, ಕಟ್ಟೆಯ ಕೆಳಗೆ ನೀರಿತ್ತು. ಇನ್ನು ಬೋಟೊಂದು ಬೇಡವಾ?

ಅಳಿಯ ಹುಡುಕಿ ತಂದ. ಬೇಪೂರಿನ ಹತ್ತಿರ, ನದಿದಡದ ಒಂದು ಯಾರ್ಡಿನಲ್ಲಿ ನಿಂತ ಬೋಟು. ಯುರೋಪಿನಲ್ಲಿ ಕಟ್ಟಿದ್ದು, ಫೈಬರ್ ಒಡಲು, 32 ಅಡಿ ಉದ್ದ, 3.2 ಮೀಟರ್ ಅಗಲ. ಎರಡು ಡೀಸೆಲ್ ಎಂಜಿನ್, ಎರಡು ಶಾಫ್ಟ್. ಒಳಗೆ ನಾಲ್ಕು ಜನ ಮಲಗುವ ಕ್ಯಾಬಿನ್, ಪುಟ್ಟ ಅಡುಗೆಕಟ್ಟೆ, ಕಕ್ಕಸು. ಉರು ಎಂಬ ಮರದ ಹಡಗು ಕಟ್ಟುವುದಕ್ಕೆ ಹೆಸರಾದ ಊರಿನಲ್ಲಿ ಈ ಬಿಳಿ ಬೋಟು ಮದುವೆ ಮನೆಯಲ್ಲಿ ದಾರಿ ತಪ್ಪಿ ಬಂದ ನೆಂಟನ ಹಾಗೆ ಕಾಣುತ್ತಿತ್ತು.

ಆಸೆ ಏನೆಂದರೆ, ದಿನನಿತ್ಯ ಹಿನ್ನೀರಿನಲ್ಲಿ ತಿರುಗುವುದು, ಆಗಾಗ ಅಳಿವೆ ದಾಟಿ ಕಡಲಿಗೆ ಇಳಿದು ಬೇಕಲಕ್ಕೆ ಹೋಗುವುದು, ವರ್ಷಕ್ಕೊಮ್ಮೆ ನೆಂಟರನ್ನು ನೋಡಲು ಮಂಗಳೂರಿನವರೆಗೆ. ನೀಲೇಶ್ವರದ ಅಳಿತ್ತಲದಿಂದ ಬೇಕಲ ಹನ್ನೆರಡು ನಾಟಿಕಲ್ ಮೈಲಿಯ ಆಸುಪಾಸು. ಮಂಗಳೂರಿನ ಹಳೆ ಬಂದರಿನ ಅಳಿವೆ ಸುಮಾರು ನಲವತ್ತು. ಹಾಗೆ ನೋಡಿದರೆ ದೂರವೇನಲ್ಲ.

ನಾನು ಹಡಗುಗಳ ಎಂಜಿನ್ ರೂಮಿನಲ್ಲಿ ಕೆಲಸ ಮಾಡಿ ಊರಿಗೆ ಬಂದು ಕೂತವನು. ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಈ ಬೋಟು ಕಡಲಿಗೆ ಆಗ್ತದಾ?"

ಪ್ರಶ್ನೆಯೇ ತಪ್ಪಾಗಿತ್ತು

ಅಳಿಯ ಆಗಲೇ ಒಂದು ಫೈಲು ತುಂಬ ಕಾಗದ ಸೇರಿಸಿದ್ದ. ಅದೇ ಮಾದರಿಯ ಬೋಟು ಇರುವವರು ಬರೆದದ್ದು, ಕಂಪನಿಯ ಹಳೆಯ ಪುಸ್ತಿಕೆ, ಒಂದೆರಡು ಪತ್ರಿಕೆಗಳ ಪರೀಕ್ಷೆ. ಎಲ್ಲರೂ ಹೊಗಳಿದ್ದರು. ಆದರೆ ಹೊಗಳಿದವರೆಲ್ಲ ಬೇರೆ ಕಡಲಿನವರು. ಅವರ ಬೋಟಿನಲ್ಲಿ ಏನು ಹೇರಿದ್ದರು, ಎಷ್ಟು ಜನ ಇದ್ದರು, ಯಾವ ತೆರೆ ಎದುರಿಗಿತ್ತು, ಒಂದೂ ಗೊತ್ತಿಲ್ಲ. "ತುಂಬಾ ಒಳ್ಳೇ ಕಡಲ ಬೋಟು" ಅನ್ನುವುದು ಹುಡುಗನ ಬಗ್ಗೆ "ತುಂಬಾ ಒಳ್ಳೇ ಮನೆತನ" ಅಂದ ಹಾಗೆ. ಸುಳ್ಳಲ್ಲ, ಆದರೆ ಉಪಯೋಗವೂ ಜಾಸ್ತಿ ಇಲ್ಲ.

ಮೊದಲು ಬೋಟಿನ ಜಾತಕ ನೋಡಿದೆವು. ಯುರೋಪಿನ ಇಂಥ ಬೋಟುಗಳ ಹಿಂಗೋಡೆಯ ಬಲಬದಿಯಲ್ಲಿ ಹದಿನಾಲ್ಕು ಅಕ್ಷರ-ಅಂಕಿಗಳ ಒಂದು ಗುರುತು ಕೊರೆದಿರುತ್ತದೆ. ಕೊನೆಯ ನಾಲ್ಕರಲ್ಲಿ ಕಟ್ಟಿದ ತಿಂಗಳು, ವರ್ಷ, ಮಾದರಿ ವರ್ಷ ಇರುತ್ತವೆ. ಮಾರುವವರು 2004ರ ಬೋಟು ಅಂದಿದ್ದರು. ಕೊನೆಯ ಎರಡು ಅಂಕಿ 99 ಅಂತಿತ್ತು. ಕೇಳಿದಾಗ "ಎಂಜಿನ್ 2004ರದ್ದು" ಅಂದರು. ಇರಲಿ. ಐದು ವರ್ಷ ಹಳೆಯದಾದರೆ ಬೋಟು ಮುಳುಗುವುದಿಲ್ಲ. ಆದರೆ ಬಾಯಿಮಾತನ್ನು ಎಷ್ಟು ನಂಬಬೇಕೆಂದು ಅಲ್ಲಿಗೆ ಗೊತ್ತಾಯಿತು.

ಚುಕ್ಕಾಣಿಯ ಹತ್ತಿರ ಒಂದು ಸಣ್ಣ ಲೋಹದ ಪಟ್ಟಿ. ಬಿ ವರ್ಗ, ಎಂಟು ಜನ. ಯುರೋಪಿನ ನಿಯಮದಲ್ಲಿ ಬೋಟುಗಳಿಗೆ ಎ, ಬಿ, ಸಿ, ಡಿ ಎಂದು ನಾಲ್ಕು ವರ್ಗ. ಬಿ ಅಂದರೆ ಬ್ಯೂಫೋರ್ಟ್ ಅಳತೆಯ 8ನೇ ಬಲದ ಗಾಳಿ, 4 ಮೀಟರಿನವರೆಗಿನ ತೆರೆ. ಸಿ ಅಂದರೆ 6ನೇ ಬಲ, 2 ಮೀಟರ್. ಅಳಿಯ ಪಟ್ಟಿಯ ಫೋಟೋ ತೆಗೆದು ಮಾವನಿಗೆ ಕಳಿಸಿದ: "ನಾಲ್ಕು ಮೀಟರ್ ತೆರೆ ತಡೀತದೆ ಮಾವಾ!" ಮಾವ ಅದನ್ನು ಇಡೀ ಕುಟುಂಬಕ್ಕೆ ಕಳಿಸಿದರು.

ಆ ಪಟ್ಟಿ ಹೇಳುವುದು ಕಾರ್ಖಾನೆಯಿಂದ ಹೊರಬಂದ ದಿನದ ಬೋಟಿನ ಬಗ್ಗೆ. ನಮ್ಮೆದುರು ಇದ್ದದ್ದು ಆ ಬೋಟಲ್ಲ. ಹಿಂದಿನ ಮಾಲೀಕರು ಅದನ್ನು ಪ್ರವಾಸಕ್ಕೆ ಬಳಸಲು ಹೊರಟಿದ್ದರು. ಕ್ಯಾಬಿನ್ ಮೇಲೆ ಕಬ್ಬಿಣದ ಚೌಕಟ್ಟು, ಅದರ ಮೇಲೆ ಹಲಗೆ, ಎರಡು ಉದ್ದ ಬೆಂಚು, ಮೂಲೆಯಲ್ಲಿ 300 ಲೀಟರಿನ ನೀರಿನ ಟ್ಯಾಂಕು, ಪಕ್ಕದಲ್ಲಿ ಮನೆಗೆ ಹಾಕುವ ಎಸಿಯ ಹೊರಗಿನ ಡಬ್ಬ. ಮೇಲೆ ಹತ್ತಲು ಹಿಂದೆ ಒಂದು ಸ್ಟೀಲ್ ಏಣಿ. ನಾನು ತೂಕ ಲೆಕ್ಕ ಹಾಕಿದೆ. ನೀರು ತುಂಬಿದರೆ ಸುಮಾರು 550 ಕೆಜಿ, ಅದೂ ಜನ ಹತ್ತುವ ಮೊದಲು. ಬೋಟಿನ ಒಟ್ಟು ತೂಕ ಆರೂವರೆ ಟನ್.

ಆಮೇಲೆ ಮಾವನಿಗೆ ಹೇಳಿದೆ: ಈ ಬೋಟು ಕಡಲಿಗೆ ಆಗ್ತದಾ ಅಂತ ಕೇಳಬೇಡಿ. ಎಷ್ಟು ಹೊರೆ ಹೊತ್ತು, ಯಾವ ತಿಂಗಳು, ದಿನದ ಯಾವ ಹೊತ್ತಿಗೆ, ಯಾವ ಅಳಿವೆಯಲ್ಲಿ ಆಗ್ತದೆ ಅಂತ ಕೇಳಿ. ಮಾವನಿಗೆ ಇಷ್ಟ ಆಗಲಿಲ್ಲ. ಅವರಿಗೆ ಹೌದು ಅಥವಾ ಇಲ್ಲ ಬೇಕಿತ್ತು.

ಸ್ಟಾಪ್‌ವಾಚ್ ಮತ್ತು ಹಗ್ಗ

ಮೊದಲ ದಿನ ಅಳಿಯ ಒಂದು ಮಾತು ಹೇಳಿದ: "ನೋಡಿ, ಎಷ್ಟು ನಿಧಾನ ತೂಗ್ತದೆ. ತೊಟ್ಟಿಲಿನ ಹಾಗೆ. ಇದರಲ್ಲಿ ಯಾರಿಗೂ ವಾಂತಿ ಬರುವುದಿಲ್ಲ." ನಿಜ. ಯಾರ್ಡಿನ ಕಟ್ಟೆಯಲ್ಲಿ ಬೇರೆ ಬೋಟು ಹಾದುಹೋದಾಗ ಅದು ಮೆಲ್ಲಗೆ ಆ ಕಡೆ ವಾಲಿ, ಸ್ವಲ್ಪ ನಿಂತು, ಮೆಲ್ಲಗೆ ಈ ಕಡೆ ಬರುತ್ತಿತ್ತು. ಹಾಯಾಗಿತ್ತು. ನನಗೆ ಹೆದರಿಕೆಯಾದದ್ದೇ ಆ ಹಾಯಿಗೆ.

ಬೋಟು ವಾಲಿದಾಗ ನೀರು ಅದನ್ನು ಮತ್ತೆ ನೆಟ್ಟಗೆ ನಿಲ್ಲಿಸಲು ತಳ್ಳುತ್ತದೆ. ತಳ್ಳುವ ಬಲ ಜಾಸ್ತಿ ಇದ್ದರೆ ಬೋಟು ಚಟಕ್ಕನೆ ಎದ್ದು ನಿಲ್ಲುತ್ತದೆ, ಒಳಗಿದ್ದವರಿಗೆ ಹಿಂಸೆ. ಬಲ ಕಡಿಮೆ ಇದ್ದರೆ ನಿಧಾನವಾಗಿ ಏಳುತ್ತದೆ, ಒಳಗಿದ್ದವರಿಗೆ ಸುಖ. ತಲೆಭಾರ ಹೆಚ್ಚಿದಷ್ಟೂ ಆ ಬಲ ಕಡಿಮೆಯಾಗುತ್ತದೆ. ಅಂದರೆ ತೊಟ್ಟಿಲಿನ ಸುಖಕ್ಕೆ ಒಂದು ಬೆಲೆ ಇದೆ, ಅದು ಬಿಲ್ಲಿನಲ್ಲಿ ಕಾಣುವುದಿಲ್ಲ.

ಇದನ್ನು ಅಳೆಯಲು ದೊಡ್ಡ ಯಂತ್ರ ಬೇಡ. ಕಟ್ಟಿದ ಹಗ್ಗಗಳನ್ನು ಸಡಿಲ ಬಿಟ್ಟು, ಒಂದು ಬದಿಯ ಅಂಚಿನ ಮೇಲೆ ಇಬ್ಬರು ಲಯ ಹಿಡಿದು ತುಳಿದು ಬೋಟನ್ನು ತೂಗಬೇಕು. ಆಮೇಲೆ ಅಲ್ಲಾಡದೆ ನಿಂತು, ಆ ಕಡೆಯಿಂದ ಈ ಕಡೆಗೆ ಬಂದು ಮತ್ತೆ ಆ ಕಡೆಗೆ ಹೋಗುವ ಒಂದು ಪೂರ್ತಿ ಓಲಾಟಕ್ಕೆ ಎಷ್ಟು ಸೆಕೆಂಡು ಅಂತ ಎಣಿಸಬೇಕು. ಸಣ್ಣ ಬೋಟಿನಲ್ಲಿ ಓಲಾಟ ಬೇಗ ಸತ್ತುಹೋಗುತ್ತದೆ, ಹಾಗಾಗಿ ಮೂರು ಮೂರರಂತೆ ಹಲವು ಸಲ ಅಳೆದು ಸರಾಸರಿ ತೆಗೆದೆವು. 3.7 ಸೆಕೆಂಡು ಬಂತು. ಅಗಲವನ್ನು 0.8ರಿಂದ ಗುಣಿಸಿ, ಸೆಕೆಂಡಿನಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿದರೆ ಮೆಟಾಸೆಂಟ್ರಿಕ್ ಎತ್ತರದ ಒಂದು ಅಂದಾಜು ಸಿಗುತ್ತದೆ. ನೆಟ್ಟಗಾಗುವ ಬಲದ ಅಳತೆ ಅದು. ಇಲ್ಲಿ 0.48 ಮೀಟರ್.

ಕೇಳಲು ಪರವಾಗಿಲ್ಲ ಅನಿಸುತ್ತದೆ. ಆದರೆ ಅದು ಮೇಲೆ ಯಾರೂ ಇಲ್ಲದಾಗಿನ ಲೆಕ್ಕ. ಆರು ಜನ ಆ ಬೆಂಚಿನಲ್ಲಿ ಕೂತರೆ ಅದು 0.33ರ ಹತ್ತಿರ ಇಳಿಯುತ್ತದೆ. ಆ ಆರು ಜನ ಡಾಲ್ಫಿನ್ ಬಂತು ಅಂತ ಒಂದು ಮೀಟರ್ ಒಂದೇ ಬದಿಗೆ ಸರಿದರೆ, ತೆರೆ ಇಲ್ಲದ ನೀರಿನಲ್ಲೂ ಬೋಟು ಸುಮಾರು ಹತ್ತು ಡಿಗ್ರಿ ವಾಲುತ್ತದೆ. ಅದರ ಮೇಲೆ ತೆರೆ, ಅದರ ಮೇಲೆ ಚುಕ್ಕಾಣಿ ತಿರುಗಿಸಿದ್ದು.

ಇದೆಲ್ಲ ಸುಮ್ನೆ ಹೆದರಿಸುವ ಮಾತು ಅಂತ ಮಾವನಿಗೆ ಅನಿಸಿತು. ಆಗ ತೇಕಡಿಯ ನೆನಪು ಮಾಡಿದೆ. 2009ರ ಸೆಪ್ಟೆಂಬರ್ 30ರಂದು ಅಲ್ಲಿನ ಕೆರೆಯಲ್ಲಿ ಮಗುಚಿದ ಬೋಟಿನಲ್ಲಿ 45 ಜನ ಸತ್ತರು. ಕಾಡುಪ್ರಾಣಿ ನೋಡಲು ಜನ ಒಂದೇ ಬದಿಗೆ ಸರಿದಿದ್ದರು. ಅಲ್ಲಿ ತೆರೆಯೂ ಇರಲಿಲ್ಲ, ಗಾಳಿಯೂ ಇರಲಿಲ್ಲ. 2023ರ ಮೇ 7ರಂದು ತಾನೂರಿನಲ್ಲಿ 22 ಜನ ಹೋದರು, ಅದು ಮೀನಿನ ಬೋಟನ್ನು ಪ್ರವಾಸಕ್ಕೆಂದು ಮಾರ್ಪಡಿಸಿದ್ದು. ಮಾವ ಸುಮ್ಮನಾದರು. ಸ್ವಲ್ಪ ಹೊತ್ತು ಬಿಟ್ಟು ಅಳಿಯನಿಗೆ ಹೇಳಿದರು, "ಮೇಲಿನದ್ದು ತೆಗೆಸು."

ಪ್ರಕರಣದ ಮೊದಲ ತಿರುವು ಇದು. ಮಾರುವವರು ಎರಡು ವಾರ ಗೊಣಗಿ ಕೊನೆಗೆ ಒಪ್ಪಿದರು. ಚೌಕಟ್ಟು, ಬೆಂಚು, ಟ್ಯಾಂಕು, ಎಸಿ ಎಲ್ಲ ಇಳಿದವು. ಏಣಿ ಮಾತ್ರ ಉಳಿಯಿತು, ಮಾವನಿಗೆ ಅದರ ಮೇಲೆ ಮನಸ್ಸು. ಮತ್ತೆ ತೂಗಿ ಅಳೆದೆವು: 3.1 ಸೆಕೆಂಡು, ಅಂದರೆ 0.68 ಮೀಟರ್.

ಈಗ ಅಳಿಯ ಮುಖ ಸಿಂಡರಿಸಿದ. ಬೋಟು ಚಟಪಟ ಅಲ್ಲಾಡುತ್ತದೆ ಅಂತ.

ಬೆಳಗಿನ ಕೆರೆ, ಮಧ್ಯಾಹ್ನದ ಕಡಲು

ಕಡಲ ಪರೀಕ್ಷೆಗೆ ನಮ್ಮ ಜೊತೆ ಬಂದವರು ಒಬ್ಬ ಹಿರಿಯ ತಾಂಡೇಲರು. ಇಲ್ಲಿಂದ ತೆಂಕಿಗೆ ಸ್ರಾಂಕ್ ಅಂತಾರಲ್ಲ, ಅದೇ. ನಲವತ್ತು ವರ್ಷ ಮೀನಿನ ಬೋಟು ನಡೆಸಿದವರು, ಮಾತು ಕಡಿಮೆ.

ಯಾರ್ಡಿನವರು ಬೆಳಿಗ್ಗೆ ಏಳಕ್ಕೆ ಕರೆದರು. ಕಡಲು ಎಣ್ಣೆ ಸುರಿದ ಹಾಗಿತ್ತು. ಬೋಟು ಮೂತಿ ಎತ್ತಿ 18 ನಾಟ್, ಅಂದರೆ ಗಂಟೆಗೆ 18 ನಾಟಿಕಲ್ ಮೈಲಿ ಓಡಿತು. ಮಾವ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಫೋಟೋ ತೆಗೆಸಿಕೊಂಡರು. ದಡಕ್ಕೆ ಬಂದ ಮೇಲೆ ತಾಂಡೇಲರು ಹೇಳಿದ್ದು ಇಷ್ಟೇ: "ಬೆಳಿಗ್ಗೆ ಕೆರೆ, ಮಧ್ಯಾಹ್ನ ಕಡಲು. ಮಧ್ಯಾಹ್ನ ಬರುವಾ."

ನಮ್ಮ ಕರಾವಳಿಯಲ್ಲಿ ಫೆಬ್ರವರಿಯಿಂದ ಮೇವರೆಗೆ ದಿನವೂ ನಡೆಯುವ ಆಟ ಇದು. ರಾತ್ರಿ ನೆಲದಿಂದ ಕಡಲಿಗೆ ಮೆಲ್ಲನೆಯ ಗಾಳಿ. ಬಿಸಿಲೇರಿದ ಮೇಲೆ ಗಾಳಿ ತಿರುಗಿ ವಾಯವ್ಯದಿಂದ ಬೀಸುತ್ತದೆ, ಮಧ್ಯಾಹ್ನಕ್ಕೆ ಜೋರಾಗುತ್ತದೆ. ಅದು ಎಬ್ಬಿಸುವ ತೆರೆ ಎತ್ತರವೇನಲ್ಲ, ಒಂದು ಮೀಟರ್ ಚಿಲ್ಲರೆ. ಆದರೆ ಗಿಡ್ಡ, ಕಡಿದು. ಒಂದರ ಹಿಂದೆ ಒಂದು ನಾಲ್ಕೈದು ಸೆಕೆಂಡಿಗೆ ಬರುತ್ತದೆ. ನಾಲ್ಕು ಸೆಕೆಂಡಿನ ತೆರೆಗಳ ನಡುವೆ ಆಳ ನೀರಿನಲ್ಲಿ 25 ಮೀಟರ್ ಅಂತರ ಇರುತ್ತದೆ. ದೂರದ ದಕ್ಷಿಣ ಸಮುದ್ರದಿಂದ ಬರುವ ಹನ್ನೆರಡು ಸೆಕೆಂಡಿನ ಉಬ್ಬಲೆಗೆ 225 ಮೀಟರ್. ಉಬ್ಬಲೆಯ ಮೇಲೆ ಬೋಟು ಗುಡ್ಡ ಹತ್ತಿ ಇಳಿದ ಹಾಗೆ ಹೋಗುತ್ತದೆ, ಗೊತ್ತೇ ಆಗುವುದಿಲ್ಲ. ಗಾಳಿಯ ತೆರೆಯ ಮೇಲೆ ಮೆಟ್ಟಿಲಿನಿಂದ ಬಿದ್ದ ಹಾಗೆ.

ಮಧ್ಯಾಹ್ನ ಮೂರಕ್ಕೆ ಹೊರಟೆವು. ಎದುರು ತೆರೆಗೆ 12 ನಾಟ್‌ನಲ್ಲಿ ಬೋಟು ಎದ್ದು ಎದ್ದು ಬಿದ್ದಿತು, ಅಡುಗೆಕಟ್ಟೆಯ ಬಾಗಿಲು ತೆರೆದು ಪಾತ್ರೆಯೆಲ್ಲ ಹೊರಗೆ. ತಳ ನಡುವಿನಿಂದ ಬದಿಗೆ ಮೇಲೇರುವ ಕೋನ ಹಿಂಭಾಗದಲ್ಲಿ 17 ಡಿಗ್ರಿ ಆಸುಪಾಸು. ಇನ್ನೂ ಚೂಪಾದ, 20 ದಾಟಿದ ತಳ ಇದ್ದಿದ್ದರೆ ಇಷ್ಟು ಬಡಿಯುತ್ತಿರಲಿಲ್ಲ, ಆದರೆ ಅಂಥ ಬೋಟು ನಿಂತಾಗ ಇನ್ನಷ್ಟು ಓಲಾಡುತ್ತದೆ, ಡೀಸೆಲ್ಲೂ ಜಾಸ್ತಿ ಕುಡಿಯುತ್ತದೆ. 8 ನಾಟ್‌ಗೆ ಇಳಿಸಿದರೆ ಸಹಿಸಬಹುದಿತ್ತು. ತೆರೆಯನ್ನು ಪಕ್ಕಕ್ಕೆ ತೆಗೆದುಕೊಂಡಾಗ ಒಂದು ವಿಷಯ ಗಮನಕ್ಕೆ ಬಂತು. ಆ ಹೊತ್ತಿನ ತೆರೆ ನಾಲ್ಕು ಸೆಕೆಂಡಿನದು. ತಲೆಭಾರ ಇದ್ದಾಗಿನ ಬೋಟಿನ ಓಲಾಟ 3.7. ಉಯ್ಯಾಲೆಯನ್ನು ಅದರದೇ ಲಯಕ್ಕೆ ತಳ್ಳಿದರೆ ಏನಾಗುತ್ತದೆ ಅಂತ ಮಕ್ಕಳಿಗೂ ಗೊತ್ತು. 3.1 ಆದ ಮೇಲೆ ಅಷ್ಟು ಹತ್ತಿರ ಇಲ್ಲ. ಸುಖ ಇಲ್ಲ, ಆದರೆ ಓಲಾಟ ಬೆಳೆಯುತ್ತಾ ಹೋಗಲಿಲ್ಲ.

ಹಿಂದಿನಿಂದ ತೆರೆ ತೆಗೆದುಕೊಂಡಾಗ ತಾಂಡೇಲರ ಮುಖ ಬಿಗಿಯಾಯಿತು. ಅಗಲವಾದ ಚಪ್ಪಟೆ ಹಿಂಭಾಗ, ಸಣ್ಣ ಚುಕ್ಕಾಣಿ ಹಲಗೆಗಳು. ತೆರೆ ಬಾಲವನ್ನು ಎತ್ತಿದರೆ ಮೂತಿ ಒಳಗೆ ಹೋಗಿ ಬೋಟು ಅಡ್ಡ ತಿರುಗಲು ನೋಡುತ್ತಿತ್ತು. "ಇದನ್ನು ಅಳಿವೆಯಲ್ಲಿ ಮಾಡಬಾರದು," ಅಂದರು.

ಅಳಿವೆಯ ವಿಷಯ ಬೇರೆಯೇ. ಮಲಯಾಳದ ಅಳಿ, ನಮ್ಮ ಅಳಿವೆ, ಎರಡೂ ಒಂದೇ ಮಾತು, ಎರಡರಲ್ಲೂ ಮರಳು ದಿಣ್ಣೆ. ತೆರೆಯ ಎತ್ತರ ನೀರಿನ ಆಳದ ಮುಕ್ಕಾಲು ಪಾಲು ದಾಟಿದರೆ ತೆರೆ ಒಡೆಯುತ್ತದೆ. ದಿಣ್ಣೆಯ ಮೇಲೆ ಎರಡು ಮೀಟರ್ ನೀರಿದ್ದರೆ ಒಂದೂವರೆ ಮೀಟರಿನ ತೆರೆಯೇ ಸಾಕು. ಹೊರಗೆ ಗೊತ್ತೇ ಆಗದ ಆ ಉಬ್ಬಲೆ ಇಲ್ಲಿ ಬಂದು ಎದ್ದು ನಿಲ್ಲುತ್ತದೆ. ಇಳಿತದ ಹೊತ್ತಿಗೆ ನದಿಯ ನೀರು ಎದುರಿನಿಂದ ಬಂದರೆ ಇನ್ನೂ ಕಡಿದಾಗುತ್ತದೆ. ಒಂದೇ ಎಂಜಿನ್ನಿನ ಬೋಟಿಗೆ ಸಾಮಾನ್ಯವಾಗಿ ಪ್ರೊಪೆಲ್ಲರಿನ ಮುಂದೆ ತಳದ ಕಂಬಿ ಅಡ್ಡ ಇರುತ್ತದೆ, ನೆಲ ತಾಗಿದರೆ ಅದು ಮೊದಲು ತಾಗುತ್ತದೆ. ಜೋಡಿ ಎಂಜಿನ್ನಿನಲ್ಲಿ ಎರಡೂ ಪ್ರೊಪೆಲ್ಲರ್ ಆಚೆ ಈಚೆ ಬರಿಗಾಲಿನಲ್ಲಿ ನಿಂತ ಹಾಗೆ.

ಒಂದು ಎಂಜಿನ್ ನಿಲ್ಲಿಸಿಯೂ ನೋಡಿದೆವು. ಐದೂವರೆ ನಾಟ್. ಗಾಳಿಗೆದುರು ಒಂದು ಬದಿಗೆ ಚೆನ್ನಾಗಿ ತಿರುಗುತ್ತಿತ್ತು, ಇನ್ನೊಂದು ಬದಿಗೆ ಹಠ. "ಎರಡು ಎಂಜಿನ್ ಇದೆ, ಒಂದು ಹೋದರೂ ಮನೆ ಸೇರ್ತೇವೆ," ಅಂತ ಮಾವ ನಿರಾಳವಾದರು. ನಾನೂ ತಲೆ ಆಡಿಸಿದೆ.

ನಾನು ಬರೆದಿಟ್ಟು ಮರೆತದ್ದು

ಇಲ್ಲಿ ನಿಂತು ಹೇಳಬೇಕು. ತಪಾಸಣೆಯ ದಿನ ನನ್ನ ಪುಸ್ತಕದಲ್ಲಿ ಎರಡು ಸಾಲು ಇವೆ. ಒಂದು: "ಬೋಟು ಬಲಕ್ಕೆ ಸ್ವಲ್ಪ ವಾಲಿದೆ, ಎಸಿ ಕಾರಣ." ಇನ್ನೊಂದು, ಬೇರೆ ಪುಟದಲ್ಲಿ, ಸಣ್ಣಪುಟ್ಟ ರಿಪೇರಿ ಎಂಬ ತಲೆಬರಹದ ಕೆಳಗೆ: "ಎಡ ಡೀಸೆಲ್ ಟ್ಯಾಂಕಿನ ವಾಲ್ವ್ ಬಂದ್. ಹಳೆ ಸೋರಿಕೆ."

ಎಸಿ ಇಳಿಸಿದ ಮೇಲೂ ಬೋಟು ಬಲಕ್ಕೇ ವಾಲಿತ್ತು. ಎರಡೂ ಸಾಲನ್ನು ಪಕ್ಕಪಕ್ಕ ಇಟ್ಟು ಓದಿದ್ದರೆ ವಿಷಯ ಹೊಳೆಯುತ್ತಿತ್ತು. ಎಡ ಟ್ಯಾಂಕು ಖಾಲಿ, ಎರಡೂ ಎಂಜಿನ್ ಬಲ ಟ್ಯಾಂಕಿನಿಂದಲೇ ಕುಡಿಯುತ್ತಿವೆ. ಅಂದರೆ ಎರಡು ಎಂಜಿನ್, ಒಂದು ಹೊಟ್ಟೆ. ಮನೆ ಸೇರುವ ಭರವಸೆಯ ಅರ್ಧ ಅಲ್ಲೇ ಹೋಗಿತ್ತು. ನನ್ನ ತಲೆಯಲ್ಲಿ ಕಡಲ ನಡತೆ ಅಂದರೆ ಒಡಲು, ತೂಕ, ಓಲಾಟ. ಎಂಜಿನ್ ಬೇರೆ ಪುಟ. ಹಡಗಿನ ಎಂಜಿನ್ ರೂಮಿನಿಂದ ಬಂದವನು ಮಾಡಬಾರದ ತಪ್ಪು.

ಬೆಲೆ ಇಳಿಸಿ ಬೋಟು ಕೊಂಡರು. ಮಾರ್ಚ್ ಮೊದಲ ವಾರ ಊರಿಗೆ ತರುವುದು ಅಂತ ಆಯಿತು. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕರಾವಳಿಗೆ ತೆರೆಯ ಎತ್ತರ, ಉಬ್ಬಲೆಯ ಅವಧಿ ಎಲ್ಲದರ ಮುನ್ಸೂಚನೆ ಕೊಡುತ್ತದೆ. ಕಳ್ಳಕಡಲ್, ಅಂದರೆ ಇಲ್ಲಿ ಗಾಳಿಯಿಲ್ಲದೆಯೇ ದಡಕ್ಕೆ ನುಗ್ಗುವ ಉಬ್ಬಲೆ, ಬರುವ ಮುನ್ನವೂ ಎಚ್ಚರಿಸುತ್ತದೆ. ಅದನ್ನು ನೋಡಿ ದಿನ ಆರಿಸಿದೆವು. ಬೇಪೂರಿನಿಂದ ಅಳಿಕ್ಕಲ್ ಬಂದರು ಸುಮಾರು 55 ನಾಟಿಕಲ್ ಮೈಲಿ. ಬೆಳಿಗ್ಗೆ ಐದೂವರೆಗೆ ಬಿಟ್ಟು 12 ನಾಟ್‌ನಲ್ಲಿ ಹೋದರೆ ಗಾಳಿ ಏಳುವ ಮೊದಲೇ ಅಲ್ಲಿ. ರಾತ್ರಿ ತಂಗಿ, ಮರುದಿನ ಬೆಳಿಗ್ಗೆ ಉಳಿದ ಇಪ್ಪತ್ತು ಮೈಲಿ. ಲೆಕ್ಕ ಚೊಕ್ಕವಾಗಿತ್ತು.

ಹೊರಟದ್ದು ಹತ್ತು ಗಂಟೆಗೆ. ಒಂದು ಕಾಗದಕ್ಕೆ ಸಹಿ ಆಗಬೇಕಿತ್ತು, ಆಮೇಲೆ ತೆಂಗಿನಕಾಯಿ ಒಡೆಯಬೇಕಿತ್ತು, ಆಮೇಲೆ ತಿಂಡಿ. ತಾಂಡೇಲರು ಎರಡು ಸಲ ಆಕಾಶ ನೋಡಿ "ನಾಳೆ ಹೋಗುವಾ" ಅಂದರು. ನಾಳೆ ಅಳಿಯನಿಗೆ ರಜೆ ಇರಲಿಲ್ಲ. ನಾನು ಯಾರ ಪರವೂ ಮಾತಾಡಲಿಲ್ಲ. ನಿರ್ಧಾರ ಮಾಡದೆ ಇದ್ದದ್ದೇ ನನ್ನ ನಿರ್ಧಾರ ಆಯಿತು.

ಇನ್ನೊಂದು ಜಾಣತನವೂ ನನ್ನದೇ. ಬೋಟು ಹಗುರ ಇರಲಿ ಅಂತ 400 ಲೀಟರಿನ ಬಲ ಟ್ಯಾಂಕಿಗೆ 200 ಲೀಟರ್ ಮಾತ್ರ ಹಾಕಿಸಿದ್ದೆ. ತಳದಲ್ಲಿರುವ ಡೀಸೆಲ್ ಬೋಟನ್ನು ನೆಟ್ಟಗೆ ಹಿಡಿಯುವ ತೂಕ, ಅದನ್ನು ಕಡಿಮೆ ಮಾಡಿದೆ. ಅರ್ಧ ತುಂಬಿದ ಟ್ಯಾಂಕಿನಲ್ಲಿ ಎಣ್ಣೆ ಕುಲುಕುತ್ತದೆ, ಅದಕ್ಕೂ ದಾರಿ ಮಾಡಿಕೊಟ್ಟೆ. ತಾಂಡೇಲರು ಮಾತಾಡದೆ ಇಪ್ಪತ್ತು ಲೀಟರಿನ ಎರಡು ಕ್ಯಾನು ಹೊಸ ಡೀಸೆಲ್ ತಂದು ಹಿಂದೆ ಕಟ್ಟಿದರು.

ಕಣ್ಣೂರಿನ ಎದುರು

ಹನ್ನೊಂದೂವರೆಗೆ ಗಾಳಿ ತಿರುಗಿತು. ಆಮೇಲೆ ಎಂಟು ನಾಟ್. ಕೊಯಿಲಾಂಡಿ ದಾಟಿದೆವು, ಚೋಂಬಾಲ ದಾಟಿದೆವು. ಎರಡೂ ಕಡೆ ಬಂದರು ಇತ್ತು, ಒಳಗೆ ಹೋಗಬಹುದಿತ್ತು. ಎರಡೂ ಸಲ "ಇನ್ನು ಸ್ವಲ್ಪ ಅಲ್ವಾ" ಅಂತ ಯಾರೋ ಅಂದರು. ಯಾರೋ ಅಂದರೆ ಒಂದು ಸಲ ಮಾವ, ಒಂದು ಸಲ ನಾನು.

ಮೂರೂಕಾಲಿಗೆ, ಅಳಿಕ್ಕಲ್ ಇನ್ನು ಏಳು ಮೈಲಿ ಇರುವಾಗ, ಬಲ ಎಂಜಿನ್ ಉಸಿರು ಕಟ್ಟಿದ ಹಾಗೆ ಮಾಡಿ ನಿಂತಿತು. ಮಾವ ನನ್ನ ಮುಖ ನೋಡಿದರು. "ಇನ್ನೊಂದಿದೆಯಲ್ಲ," ಅಂದೆ. ಹದಿನೈದು ನಿಮಿಷಕ್ಕೆ ಅದೂ ನಿಂತಿತು.

ಟ್ಯಾಂಕಿನಲ್ಲಿ ಉಳಿದದ್ದು ಎಪ್ಪತ್ತು ಲೀಟರ್ ಇರಬಹುದು. ಐದು ಗಂಟೆ ಕುಲುಕಿದ ಎಣ್ಣೆ ತಳದಲ್ಲಿ ವರ್ಷಗಟ್ಟಲೆ ಕೂತಿದ್ದ ಕರಿ ಗಸಿಯನ್ನು ಎಬ್ಬಿಸಿ ಎರಡೂ ಫಿಲ್ಟರಿಗೆ ಕಳಿಸಿತ್ತು. ಪರೀಕ್ಷೆಯ ದಿನ ಇದು ಯಾಕೆ ಆಗಲಿಲ್ಲ? ಅವತ್ತು ಯಾರ್ಡಿನವರು ಟ್ಯಾಂಕು ತುಂಬಿಸಿ ಕೊಟ್ಟಿದ್ದರು, ನಾವು ಓಡಿಸಿದ್ದು ಒಂದು ಗಂಟೆ. ತುಂಬಿದ ಕೊಡ ತುಳುಕುವುದಿಲ್ಲ ಅಂತಾರಲ್ಲ.

ಎಂಜಿನ್ ನಿಂತ ಬೋಟು ತೆರೆಗೆ ಅಡ್ಡ ತಿರುಗಿತು. ಓಲಾಟ ಶುರು. ಕೈಗೆ ಸಿಕ್ಕಿದ್ದನ್ನು ಹಿಡಿದು ನಿಲ್ಲಬೇಕು, ಅಷ್ಟು. ಗಾಳಿ ದಡದ ಕಡೆಗೆ ತಳ್ಳುತ್ತಿತ್ತು, ದಡ ಮೂರು ಮೈಲಿ. ಆ ಹೊತ್ತಿಗೆ ನೆತ್ತಿಯ ಮೇಲೆ ಇನ್ನೂ ಅರ್ಧ ಟನ್ ಇದ್ದಿದ್ದರೆ, ಓಲಾಟ ತೆರೆಯ ಲಯಕ್ಕೇ ಬಿದ್ದಿದ್ದರೆ ಅಂತ ಯೋಚಿಸಲು ಆಗ ಸಮಯ ಇರಲಿಲ್ಲ. ಈಗಲೂ ರಾತ್ರಿ ಕೆಲವೊಮ್ಮೆ ನೆನಪಾಗುತ್ತದೆ.

ನಾನು ಫಿಲ್ಟರ್ ಬಿಚ್ಚಲು ಕೆಳಗೆ ಓಡಿದೆ. ಮೇಲಿನಿಂದ ತಾಂಡೇಲರ ಗದರಿಕೆ: "ಮೊದಲು ಲಂಗರು! ಆಮೇಲೆ ಎಂಜಿನ್!"

ಇದು ಎರಡನೇ ತಿರುವು. ನನಗೆ ಎಂಜಿನ್ ಬಿಟ್ಟು ಬೇರೆ ಕಾಣುತ್ತಿರಲಿಲ್ಲ. ಅವರಿಗೆ ಬೋಟು ಕಾಣುತ್ತಿತ್ತು. ಆಳ ಹದಿನೆಂಟು ಮೀಟರ್ ತೋರಿಸುತ್ತಿತ್ತು, ಇದ್ದಷ್ಟೂ ಸರಪಳಿ ಮತ್ತು ಹಗ್ಗ ಬಿಟ್ಟರು. ಲಂಗರು ಕಚ್ಚಿತು, ಮೂತಿ ಮೆಲ್ಲಗೆ ಗಾಳಿಗೆ ತಿರುಗಿತು, ಪಕ್ಕದ ಓಲಾಟ ಹೋಗಿ ಏಳುಬೀಳು ಮಾತ್ರ ಉಳಿಯಿತು. ಎಲ್ಲರೂ ಲೈಫ್ ಜಾಕೆಟ್ ಬಿಗಿ ಮಾಡಿಕೊಂಡರು. ಅಳಿಯ ಮೊಬೈಲಿನಲ್ಲಿ ಅಳಿಕ್ಕಲ್ಲಿನ ಒಬ್ಬ ಪರಿಚಯದ ಬೋಟಿನವರಿಗೆ ಇರುವ ಜಾಗ ತಿಳಿಸಿದ. ಕೋಸ್ಟ್ ಗಾರ್ಡಿನ 1554 ಕರೆಯಲು ಬೆರಳು ಸಿದ್ಧ ಇಟ್ಟುಕೊಂಡ.

ಟ್ಯಾಂಕಿನ ಎಣ್ಣೆ ಮುಟ್ಟುವ ಹಾಗಿಲ್ಲ, ಹೊಸ ಫಿಲ್ಟರ್ ಹಾಕಿದರೂ ಹತ್ತು ನಿಮಿಷಕ್ಕೆ ಕಟ್ಟುತ್ತದೆ. ಎಡ ಎಂಜಿನ್ನಿಗೆ ಹೊಸ ಫಿಲ್ಟರ್ ಹಾಕಿ, ಅದರ ಎಣ್ಣೆ ಪೈಪನ್ನು ನೇರ ತಾಂಡೇಲರ ಕ್ಯಾನಿಗೆ ಇಳಿಸಿದೆ. ಡೀಸೆಲ್ ಎಂಜಿನ್ ಕುಡಿದು ಮಿಕ್ಕಿದ್ದನ್ನು ಹಿಂದಕ್ಕೆ ಕಳಿಸುತ್ತದೆ, ಆ ಪೈಪನ್ನೂ ಕ್ಯಾನಿಗೇ ಬಿಡಬೇಕು. ಇಲ್ಲದಿದ್ದರೆ ಒಳ್ಳೆಯ ಎಣ್ಣೆಯೆಲ್ಲ ಕೆಟ್ಟ ಟ್ಯಾಂಕು ಸೇರುತ್ತದೆ. ಪೈಪಿನೊಳಗೆ ಸೇರಿದ ಗಾಳಿ ತೆಗೆದು, ನಡುವೆ ಎರಡು ಸಲ ವಾಂತಿ ಮಾಡಿ, ನಲವತ್ತು ನಿಮಿಷಕ್ಕೆ ಎಂಜಿನ್ ಹತ್ತಿತು. ಐದು ನಾಟ್‌ನಲ್ಲಿ, ಅಳಿಯ ಕ್ಯಾನನ್ನು ಮಗುವಿನ ಹಾಗೆ ತಬ್ಬಿಕೊಂಡು ಕೂತು, ಬೆಳಕಿರುವಾಗಲೇ ಅಳಿಕ್ಕಲ್ ಸೇರಿದೆವು.

ಆಮೇಲೆ

ಅಳಿಕ್ಕಲ್ಲಿನಲ್ಲಿ ಬೋಟು ನಾಲ್ಕು ದಿನ ನಿಂತಿತು. ಬಲ ಟ್ಯಾಂಕಿನ ಮುಚ್ಚಳ ತೆಗೆದರೆ ತಳದಲ್ಲಿ ಕೆಸರಿನಂಥ ಗಸಿ, ನೀರು, ಒಂದು ಬನಿಯನ್ ಚೂರು. ಅದನ್ನು ತೊಳೆದೆವು. ಎಡ ಟ್ಯಾಂಕನ್ನು ಊರಿಗೆ ಬಂದ ಮೇಲೆ ಹೊಸದಾಗಿ ಮಾಡಿಸಿ ಒಂದೊಂದು ಎಂಜಿನ್ನಿಗೆ ಒಂದೊಂದು ಟ್ಯಾಂಕು ಅಂತ ಬೇರೆ ಮಾಡಿದೆವು. ಬಲಕ್ಕೆ ವಾಲುವುದು ತಾನಾಗಿ ನಿಂತಿತು. ಕೊಳ್ಳುವ ಮೊದಲು ಆ ಮುಚ್ಚಳ ಬಿಚ್ಚಲು ಬೇಕಿದ್ದದ್ದು ಒಂದು ಸ್ಪ್ಯಾನರು, ಅರ್ಧ ಗಂಟೆ.

ಈಗ ಯಾರಾದರೂ ಹಳೆಯ ಬೋಟು ತೋರಿಸಲು ಕರೆದರೆ ನಾನು ಟ್ಯಾಂಕನ್ನು ಕಾಲುಭಾಗಕ್ಕೆ ಇಳಿಸಿ, ಮಧ್ಯಾಹ್ನದ ಗಾಳಿಗೆ, ಕನಿಷ್ಠ ಎರಡು ಗಂಟೆ ಓಡಿಸಿ ಅನ್ನುತ್ತೇನೆ. ಅದಕ್ಕೆ ಒಪ್ಪದವರಿಂದ ಬೋಟು ತೆಗೆದುಕೊಳ್ಳಬೇಡಿ ಅಂತಲೂ ಹೇಳುತ್ತೇನೆ. ಎರಡು ಎಂಜಿನ್ ಇದ್ದರೆ ಅವೆರಡರ ನಡುವೆ ಏನೇನು ಒಂದೇ ಅಂತ ಹುಡುಕುತ್ತೇನೆ: ಟ್ಯಾಂಕು, ಬ್ಯಾಟರಿ, ಗಾಳಿಯ ದಾರಿ. ನೋಟ್‌ಬುಕ್ಕಿನಲ್ಲಿ ಸಣ್ಣಪುಟ್ಟ ರಿಪೇರಿ ಅನ್ನುವ ತಲೆಬರಹ ಹಾಕುವುದನ್ನೇ ಬಿಟ್ಟಿದ್ದೇನೆ.

ಮಾವ ಕೇಳಿದ ಪ್ರಶ್ನೆಗೆ ಉತ್ತರ ಈಗ ಚುಕ್ಕಾಣಿಯ ಪಕ್ಕ, ಆ ಬಿ ವರ್ಗದ ಪಟ್ಟಿಯ ಕೆಳಗೇ ಅಂಟಿಸಿದೆ. ನವೆಂಬರಿನಿಂದ ಏಪ್ರಿಲ್ ನಡುವೆ ಮಾತ್ರ ಕಡಲು, ಅದೂ ಬೆಳಿಗ್ಗೆ ಹತ್ತರೊಳಗೆ ವಾಪಸು. ಅಳಿವೆ ದಾಟುವುದು ಉಬ್ಬರ ಏರುವಾಗ. ಮುನ್ಸೂಚನೆಯಲ್ಲಿ ತೆರೆ ಒಂದು ಮೀಟರ್ ದಾಟಿದರೆ ಹಿನ್ನೀರಿನಲ್ಲೇ ಇರುವುದು. ಆರು ಜನ, ಮೇಲೆ ಯಾರೂ ಇಲ್ಲ. ಬಂದರು ಕಚೇರಿಯಲ್ಲಿ ನೋಂದಣಿ ಮಾಡಿಸಿದ್ದೂ ಮನೆಯವರ ಬಳಕೆಗೆ ಮಾತ್ರ.

ಮಂಗಳೂರಿಗೆ ಇನ್ನೂ ಹೋಗಿಲ್ಲ. ಬೇಕಲಕ್ಕೆ ಮೂರು ಸಲ ಹೋಗಿ ಬಂದರು. ಕಳೆದ ವರ್ಷ ಮನೆಯಲ್ಲಿ ಮದುವೆ ಬಂದಾಗ ಮಾವನಿಗೆ ಮತ್ತೆ ಆಸೆಯಾಯಿತು. ನೆಂಟರು ಮೇಲೆ ಕೂತರೆ ಚಂದ, ಹಿನ್ನೀರಿನಲ್ಲಿ ಮಾತ್ರ, ಎರಡು ಪ್ಲಾಸ್ಟಿಕ್ ಬೆಂಚು ಸಾಕು ಅಂತ. ನನಗೆ ಫೋನು ಮಾಡಿ ಕೇಳಿದರು. ಆಗುವುದಿಲ್ಲ ಅಂದೆ. ತಾಂಡೇಲರನ್ನು ಕೇಳಿದರು. ಅವರು ಹೌದು ಅಂತಲೂ ಇಲ್ಲ ಅಂತಲೂ ಹೇಳಲಿಲ್ಲವಂತೆ. ಮರುದಿನ ಬೆಳಿಗ್ಗೆ ನೋಡಿದರೆ ಸ್ಟೀಲ್ ಏಣಿ ಇಲ್ಲ. ಬಿಚ್ಚಿ ಮನೆಗೆ ತೆಗೆದುಕೊಂಡು ಹೋಗಿದ್ದರು. ಈಗ ಅದು ಅವರ ಮನೆಯಲ್ಲಿ, ಅಟ್ಟ ಹತ್ತಲು ಇದೆ.